ಇ-ಚಲನ್: ಹುಡುಕುವುದು, ಪಾವತಿಸುವುದು, ಪ್ರಶ್ನಿಸುವುದು
ಗ್ರಾಮ ಪಂಚಾಯತ್ ಸದಸ್ಯರಿಗಾಗಿ ಅಧ್ಯಯನ ಪಾಠ

ಪಾಠದ ಉದ್ದೇಶ: ಸಂಚಾರ ನಿಯಮ ಉಲ್ಲಂಘನೆಯ ಚಲನ್ ಬಂದಾಗ ಗ್ರಾಮಸ್ಥರಿಗೆ ಇರುವ ಕಾನೂನುಬದ್ಧ ಮಾರ್ಗಗಳನ್ನು ಸದಸ್ಯರು ಅರಿತುಕೊಳ್ಳುವುದು ಹಾಗೂ ಆ ತಿಳಿವಳಿಕೆಯನ್ನು ವಾರ್ಡ್ ಸಭೆ, ಗ್ರಾಮ ಸಭೆಗಳ ಮೂಲಕ ಜನರಿಗೆ ತಲುಪಿಸುವುದು.

1. ಹಿನ್ನೆಲೆ

ರಾಷ್ಟ್ರೀಯ ಹೆದ್ದಾರಿ 66 ಸಂತೆಕಟ್ಟೆ, ಕಲ್ಯಾಣಪುರಗಳನ್ನು ಹಾದು ಸ್ವರ್ಣಾ ನದಿಯನ್ನು ದಾಟುತ್ತದೆ. ಮುಂಜಾನೆ ಮಲ್ಪೆ ಬಂದರಿಗೆ ಹೋಗುವ ಕಾರ್ಮಿಕರು, ಪಾಳಿಯ ಕೆಲಸಕ್ಕೆ ಮಣಿಪಾಲ ತಲುಪಬೇಕಾದ ಆಸ್ಪತ್ರೆ ಸಿಬ್ಬಂದಿ, ಮೀನಿನ ಬುಟ್ಟಿ ಹೊತ್ತ ರಿಕ್ಷಾಗಳು, ಕಾಲೇಜಿಗೆ ಹೊರಟ ವಿದ್ಯಾರ್ಥಿಗಳು ಎಲ್ಲರೂ ಈ ಹೆದ್ದಾರಿಯನ್ನೇ ಅವಲಂಬಿಸಿದ್ದಾರೆ. ಹಿಂದೆ ದಂಡವೆಂದರೆ ರಸ್ತೆ ಬದಿಯಲ್ಲಿ ಪೊಲೀಸರು ವಾಹನ ನಿಲ್ಲಿಸಿ ಕೊಡುತ್ತಿದ್ದ ರಸೀದಿಯಾಗಿತ್ತು. ಈಗ ವಾಹನವನ್ನು ಯಾರೂ ನಿಲ್ಲಿಸದಿದ್ದರೂ ದಂಡದ ದಾಖಲೆ ಸಿದ್ಧವಾಗಬಹುದು. ಮೊಬೈಲ್ ಸಂಖ್ಯೆ ಬದಲಾಗಿದ್ದರೆ ಅದರ ಸುದ್ದಿ ಮಾಲೀಕರಿಗೆ ತಲುಪುವುದೂ ಇಲ್ಲ. ವಾಹನವನ್ನು ಮಾರುವ ಅಥವಾ ಅದರ ದಾಖಲೆ ನವೀಕರಿಸುವ ದಿನ ಬಾಕಿ ಮೊತ್ತ ಎದುರಾದಾಗ, ದಿನಗೂಲಿಯ ಕುಟುಂಬವೊಂದಕ್ಕೆ ಅದು ಸಣ್ಣ ಸಂಗತಿಯಾಗಿ ಉಳಿದಿರುವುದಿಲ್ಲ.

ಇಂತಹ ಸಂದರ್ಭದಲ್ಲಿ ಜನರು ಮೊದಲು ಬಂದು ಕೇಳುವುದು ಪಂಚಾಯತ್ ಸದಸ್ಯರನ್ನು. "ಠಾಣೆಗೆ ಒಂದು ಮಾತು ಹೇಳಿ" ಎಂಬ ಕೋರಿಕೆಗಿಂತ ಉಪಯುಕ್ತವಾದ ಉತ್ತರವನ್ನು ಸದಸ್ಯರು ಕೊಡುವಂತಾಗಬೇಕು.

2. ಚಲನ್ ಎಂದರೆ ಶಿಕ್ಷೆಯಲ್ಲ

ಚಲನ್ ಒಂದು ಆರೋಪ ಮಾತ್ರ. ಅದು ನ್ಯಾಯಾಲಯದ ತೀರ್ಪಲ್ಲ. ಮೋಟಾರು ವಾಹನಗಳ ಅಧಿನಿಯಮ, 1988ರ 200ನೇ ಕಲಮು ಕೆಲವು ಅಪರಾಧಗಳನ್ನು ನಿಗದಿತ ಮೊತ್ತ ಪಾವತಿಸಿ ರಾಜಿ ಮಾಡಿಕೊಳ್ಳಲು ಅವಕಾಶ ನೀಡಿದೆ. ಆ ಮೊತ್ತವನ್ನು ಅಧಿಸೂಚನೆಯ ಮೂಲಕ ನಿಗದಿಪಡಿಸುವ ಅಧಿಕಾರ ರಾಜ್ಯ ಸರ್ಕಾರದ್ದು. 2019ರ ತಿದ್ದುಪಡಿಯು ಹೆಲ್ಮೆಟ್ ಧರಿಸದಿರುವುದಕ್ಕೆ 1,000 ರೂಪಾಯಿ ದಂಡವನ್ನು ಗೊತ್ತುಪಡಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಅದನ್ನು 500 ರೂಪಾಯಿಗೆ ಇಳಿಸಿತು.

ಪಾವತಿಸಿದರೆ ಪ್ರಕರಣ ಅಲ್ಲಿಗೆ ಮುಕ್ತಾಯ; ಪಾವತಿಸದೆ ಪ್ರಶ್ನಿಸಿದರೆ ತೀರ್ಮಾನ ನ್ಯಾಯಾಲಯದ್ದು. ಇವೆರಡೂ ಗೌರವದ ದಾರಿಗಳೇ. ಸುಮ್ಮನಿರುವುದು ಮೂರನೆಯ ದಾರಿಯಂತೆ ತೋರುತ್ತದೆ. ಕೊನೆಯಲ್ಲಿ ಅದೇ ಅತ್ಯಂತ ದುಬಾರಿಯಾಗುತ್ತದೆ.

ಎಲ್ಲ ಅಪರಾಧಗಳಿಗೂ ರಾಜಿ ಇಲ್ಲ. ಮದ್ಯಪಾನ ಮಾಡಿ ವಾಹನ ಚಲಾಯಿಸುವುದು (185ನೇ ಕಲಮು) ಹಾಗೂ ಅಪ್ರಾಪ್ತ ವಯಸ್ಕರ ಕೈಗೆ ವಾಹನ ಕೊಡುವುದು (199ಎ ಕಲಮು) ನ್ಯಾಯಾಲಯದಲ್ಲೇ ಇತ್ಯರ್ಥವಾಗಬೇಕು. ಎರಡನೆಯದರಲ್ಲಿ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ ಹಾಗೂ 25,000 ರೂಪಾಯಿ ದಂಡವಿದೆ. ವಾಹನದ ನೋಂದಣಿ 12 ತಿಂಗಳ ಕಾಲ ರದ್ದಾಗುತ್ತದೆ. ವಾಹನ ಓಡಿಸಿದ ಮಗುವಿಗೆ 25 ವರ್ಷ ತುಂಬುವವರೆಗೆ ಚಾಲನಾ ಪರವಾನಗಿ ದೊರೆಯುವುದಿಲ್ಲ. ಹೈಸ್ಕೂಲು ಮಕ್ಕಳ ಕೈಗೆ ಸ್ಕೂಟರ್ ಕೊಡುವ ಮನೆಗಳಿಗೆ ಈ ಒಂದು ವಿಷಯವನ್ನಾದರೂ ಸದಸ್ಯರು ತಪ್ಪದೆ ತಿಳಿಸಬೇಕು.

3. ಬಾಕಿಯನ್ನು ಹುಡುಕುವ ಬಗೆ

ವಾಹನದ ನೋಂದಣಿ ಸಂಖ್ಯೆ ಮತ್ತು ಚಾಸಿ ಅಥವಾ ಎಂಜಿನ್ ಸಂಖ್ಯೆಯ ಕೊನೆಯ ಅಂಕಿಗಳು ಕೈಯಲ್ಲಿದ್ದರೆ ಹುಡುಕಾಟ ಸುಲಭ. ಇವು ನೋಂದಣಿ ಪ್ರಮಾಣಪತ್ರದಲ್ಲಿರುತ್ತವೆ. ಕೇಂದ್ರ ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದ ಇ-ಚಲನ್ ವಿಭಾಗ, ಕರ್ನಾಟಕ ರಾಜ್ಯ ಪೊಲೀಸ್ ಆ್ಯಪ್ ಹಾಗೂ ಕರ್ನಾಟಕ ಒನ್ ಜಾಲತಾಣಗಳಲ್ಲಿ ವಿವರ ನೋಡಬಹುದು. ಸಮೀಪದ ಸಂಚಾರ ಠಾಣೆಯಲ್ಲಿಯೂ ವಿಚಾರಿಸಬಹುದು.

ಒಂದು ಕಡೆ ಬಾಕಿ ಕಾಣದಿದ್ದರೆ ಬಾಕಿ ಇಲ್ಲವೆಂದು ತಿಳಿಯಬಾರದು. ಬೆಂಗಳೂರಿನಲ್ಲಿ ದಾಖಲಾದ ಪ್ರಕರಣ ಒಂದು ಕಡೆ, ಹೊರ ರಾಜ್ಯದ ಪ್ರಕರಣ ಇನ್ನೊಂದು ಕಡೆ ಕಾಣಿಸಬಹುದು. ಕೇರಳದಲ್ಲಿ 2023ರ ಜೂನ್‌ನಿಂದ ರಸ್ತೆ ಕ್ಯಾಮೆರಾಗಳ ಮೂಲಕ ದಂಡ ವಿಧಿಸಲಾಗುತ್ತಿದೆ. ಆದ್ದರಿಂದ ಕಾಸರಗೋಡಿಗೆ ಹೋಗಿ ಬಂದ ಕೆಎ 20 ನೋಂದಣಿಯ ವಾಹನಗಳ ಮಾಲೀಕರು ಪರಿವಾಹನ್ ಜಾಲತಾಣವನ್ನು ನೋಡಿಕೊಳ್ಳುವುದು ಒಳಿತು. ಸಾರಿಗೆ ಇಲಾಖೆಯ ದಾಖಲೆಯಲ್ಲಿ ಮಾಲೀಕರ ಈಗಿನ ಮೊಬೈಲ್ ಸಂಖ್ಯೆ ಇರಬೇಕು. ಇಲ್ಲವಾದರೆ ಸೂಚನೆಗಳೆಲ್ಲವೂ ಬಳಕೆಯಲ್ಲಿಲ್ಲದ ಸಂಖ್ಯೆಗೆ ಹೋಗುತ್ತವೆ.

4. ಪಾವತಿಸುವ ಮುನ್ನ ನೋಡಬೇಕಾದುದು

ಚಲನ್ ತೆರೆದ ಕೂಡಲೇ ಹಣ ಕಟ್ಟಬಾರದು. ಮೊದಲು ದಿನಾಂಕ, ವೇಳೆ, ಸ್ಥಳ, ನಮೂದಿಸಿರುವ ಕಲಮು ಮತ್ತು ಛಾಯಾಚಿತ್ರವನ್ನು ಪರಿಶೀಲಿಸಬೇಕು. ಚಿತ್ರದಲ್ಲಿರುವುದು ಅದೇ ವಾಹನವೇ, ಸಂಖ್ಯಾಫಲಕ ಸ್ಪಷ್ಟವಾಗಿದೆಯೇ, ಒಂದೇ ಘಟನೆಗೆ ಎರಡು ಚಲನ್ ಬಂದಿವೆಯೇ ಎಂಬುದನ್ನು ಗಮನಿಸಬೇಕು. ಪಾವತಿಯೆಂದರೆ ಆರೋಪವನ್ನು ಒಪ್ಪಿ ರಾಜಿ ಮಾಡಿಕೊಂಡಂತೆ. ಆ ಬಳಿಕ ಅದನ್ನು ಪ್ರಶ್ನಿಸುವ ದಾರಿ ಮುಚ್ಚಿಹೋಗುತ್ತದೆ. ರಾಜಿಯಾದ ಅಪರಾಧವೂ ಹಿಂದಿನ ಅಪರಾಧವಾಗಿ ಲೆಕ್ಕಕ್ಕೆ ಬರುತ್ತದೆ. ಅದೇ ತಪ್ಪು ಮರುಕಳಿಸಿದರೆ ಹೆಚ್ಚಿನ ದಂಡ ಬೀಳಬಹುದು. ತಪ್ಪು ತನ್ನದೇ ಎಂದು ಖಚಿತವಾಗಿದ್ದರೆ ಚಲನ್‌ನಲ್ಲಿ ಸೂಚಿಸಿದ ಅವಧಿಯೊಳಗೆ ಪಾವತಿಸಿ ರಸೀದಿಯನ್ನು ಉಳಿಸಿಕೊಳ್ಳುವುದೇ ಸರಳ ಮಾರ್ಗ. ಠಾಣೆಯಲ್ಲಾಗಲಿ ರಸ್ತೆಯಲ್ಲಾಗಲಿ ರಸೀದಿ ಇಲ್ಲದೆ ಹಣ ಕೊಡಬಾರದು.

ರಿಯಾಯಿತಿಯ ವಿಚಾರವನ್ನೂ ಇಲ್ಲಿ ಹೇಳಬೇಕಾಗಿದೆ. 2023ರ ಫೆಬ್ರವರಿಯಲ್ಲಿ ಲೋಕ ಅದಾಲತ್ತಿನ ಸಂದರ್ಭದಲ್ಲಿ ಬಾಕಿ ಇ-ಚಲನ್‌ಗಳಿಗೆ ಶೇಕಡಾ 50ರ ರಿಯಾಯಿತಿ ದೊರೆಯಿತು. 2025ರಲ್ಲಿ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಮತ್ತೊಮ್ಮೆ ಆ ಅವಕಾಶ ಬಂದಿತು. ರಿಯಾಯಿತಿ ಸರ್ಕಾರದ ಆದೇಶದಿಂದ ಬರುವ ತಾತ್ಕಾಲಿಕ ಸೌಲಭ್ಯ. ಅದು ಯಾರ ಹಕ್ಕೂ ಅಲ್ಲ. ಅದನ್ನು ಕಾಯುತ್ತಾ ಬಾಕಿ ಬೆಳೆಸಿದವರಿಗೆ ನ್ಯಾಯಾಲಯದ ಸಮನ್ಸ್ ಮೊದಲೇ ಬರಬಹುದು.

5. ಪ್ರಶ್ನಿಸಲು ಆಧಾರಗಳು

ವಾಹನ ಆ ಹೊತ್ತಿಗೆ ಬೇರೆಡೆ ಇತ್ತು, ಸಂಖ್ಯೆಯನ್ನು ತಪ್ಪಾಗಿ ಓದಲಾಗಿದೆ, ಬೇರೊಬ್ಬರು ಅದೇ ಸಂಖ್ಯೆಯ ನಕಲಿ ಫಲಕ ಬಳಸಿದ್ದಾರೆ, ವಾಹನ ಕಳವಾಗಿತ್ತು ಎಂಬಂತಹ ಕಾರಣಗಳಿಗೆ ದಾಖಲೆ ಬೇಕು. ಕೆಲಸದ ಹಾಜರಿ, ಗ್ಯಾರೇಜಿನ ಬಿಲ್ಲು, ಕಳವಿನ ದೂರಿನ ಪ್ರತಿ, ತನ್ನ ವಾಹನದ ಛಾಯಾಚಿತ್ರ ಇವೆಲ್ಲ ಉಪಯೋಗಕ್ಕೆ ಬರುತ್ತವೆ. ಪರವಾನಗಿ ಅಥವಾ ವಿಮೆಯ ಕಾಗದ ಕೈಯಲ್ಲಿರಲಿಲ್ಲ ಎಂಬ ಆರೋಪವಾದರೆ, ಡಿಜಿಲಾಕರ್ ಮತ್ತು ಎಂ-ಪರಿವಾಹನ್‌ಗಳಲ್ಲಿನ ದಾಖಲೆಗಳಿಗೂ ಮೂಲಪ್ರತಿಯಷ್ಟೇ ಮಾನ್ಯತೆ ಇರುವುದನ್ನು ತೋರಿಸಬಹುದು.

ಕ್ಯಾಮೆರಾ ಆಧಾರಿತ ಚಲನ್‌ಗಳಿಗೆ ಕೇಂದ್ರ ಮೋಟಾರು ವಾಹನಗಳ ನಿಯಮಗಳ 167ಎ ನಿಯಮ ಅನ್ವಯಿಸುತ್ತದೆ. 2021ರ ಆಗಸ್ಟ್‌ನಲ್ಲಿ ಸೇರ್ಪಡೆಯಾದ ಈ ನಿಯಮದಂತೆ ಉಪಕರಣಕ್ಕೆ ಅನುಮೋದನಾ ಪ್ರಮಾಣಪತ್ರವಿರಬೇಕು. ಉಲ್ಲಂಘನೆ ಮತ್ತು ಸಂಖ್ಯಾಫಲಕ ಎರಡೂ ಚಿತ್ರದಲ್ಲಿ ಕಾಣಬೇಕು. ಸ್ಥಳ, ದಿನಾಂಕ, ವೇಳೆ ನಮೂದಾಗಿರಬೇಕು. ಘಟನೆ ನಡೆದ 15 ದಿನಗಳೊಳಗೆ ನೋಟಿಸು ಕಳುಹಿಸಬೇಕು. ಇವುಗಳಲ್ಲಿ ಲೋಪವಿದ್ದರೆ ಚಲನ್ ತಾನಾಗಿಯೇ ರದ್ದಾಗುವುದಿಲ್ಲ. ಆದರೆ ಆ ಲೋಪವನ್ನು ಅಧಿಕಾರಿಯ ಮತ್ತು ನ್ಯಾಯಾಲಯದ ಗಮನಕ್ಕೆ ತರಬಹುದು.

ಮೊದಲ ಹೆಜ್ಜೆಯಾಗಿ ಜಾಲತಾಣದ ದೂರು ವಿಭಾಗದಲ್ಲಿ ಅಥವಾ ಚಲನ್ ನೀಡಿದ ಠಾಣೆಯಲ್ಲಿ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಸ್ಪಷ್ಟವಾದ ತಪ್ಪುಗಳು ಇಲ್ಲಿಯೇ ಸರಿಯಾಗುವ ಸಾಧ್ಯತೆಯಿದೆ.

6. ನ್ಯಾಯಾಲಯದಲ್ಲಿ ನಡೆಯುವುದು

ಪ್ರಕರಣದ ವಿಚಾರಣೆ ಸಾಮಾನ್ಯವಾಗಿ ಘಟನೆ ನಡೆದ ಸ್ಥಳದ ನ್ಯಾಯಾಲಯದಲ್ಲಿ ನಡೆಯುತ್ತದೆ; ಮಾಲೀಕರ ಊರು ಇಲ್ಲಿ ಮುಖ್ಯವಲ್ಲ. ಕಲ್ಯಾಣಪುರದ ವಾಹನದ ಮೇಲೆ ಕಾರ್ಕಳದಲ್ಲಿ ಪ್ರಕರಣವಾದರೆ ಕಾರ್ಕಳದ ನ್ಯಾಯಾಲಯಕ್ಕೆ, ಉಡುಪಿಯಲ್ಲಾದರೆ ಉಡುಪಿಯ ನ್ಯಾಯಾಲಯಕ್ಕೆ ಹೋಗಬೇಕಾಗುತ್ತದೆ. ದೂರದ ಊರಿನ ಪ್ರಕರಣಗಳಿಗೆ ವರ್ಚುವಲ್ ನ್ಯಾಯಾಲಯದ ವ್ಯವಸ್ಥೆ ನೆರವಾಗುತ್ತದೆ. ಪ್ರಕರಣ ಅಲ್ಲಿಗೆ ವರ್ಗವಾಗಿದ್ದರೆ ವಾಹನ ಸಂಖ್ಯೆ ಅಥವಾ ಚಲನ್ ಸಂಖ್ಯೆಯಿಂದ ಅದನ್ನು ತೆರೆದು, ನಿಗದಿಯಾದ ದಂಡವನ್ನು ಮನೆಯಿಂದಲೇ ಪಾವತಿಸಬಹುದು. ಒಪ್ಪಿಗೆಯಿಲ್ಲದಿದ್ದರೆ ಪ್ರಶ್ನಿಸುವ ಆಯ್ಕೆಯನ್ನು ಒತ್ತಬಹುದು. ಪ್ರಶ್ನಿಸಿದರೆ ಪ್ರಕರಣವು ವ್ಯಾಪ್ತಿಯುಳ್ಳ ಸಾಮಾನ್ಯ ನ್ಯಾಯಾಲಯಕ್ಕೆ ಹೋಗುತ್ತದೆ.

ಸಮನ್ಸ್ ಬಂದವರು ಸ್ವತಃ ಅಥವಾ ವಕೀಲರ ಮೂಲಕ ಹಾಜರಾಗಬಹುದು. ನ್ಯಾಯಾಧೀಶರು ಆರೋಪದ ಸಾರಾಂಶವನ್ನು ತಿಳಿಸಿ, ಒಪ್ಪುವಿರಾ ಎಂದು ಕೇಳುತ್ತಾರೆ. ಒಪ್ಪಿದರೆ ದಂಡ ನಿಗದಿಯಾಗುತ್ತದೆ. ಒಪ್ಪದಿದ್ದರೆ ಸಾಕ್ಷ್ಯಕ್ಕೆ ದಿನಾಂಕ ಗೊತ್ತಾಗುತ್ತದೆ. ಆರೋಪವನ್ನು ಸಾಬೀತುಪಡಿಸುವ ಹೊಣೆ ಸರ್ಕಾರದ ಪರವಾಗಿ ನಿಂತವರದ್ದು. ಬಳಿಕ ಆರೋಪಿಗೂ ತನ್ನ ದಾಖಲೆ, ಸಾಕ್ಷಿಗಳನ್ನು ಮುಂದಿಡುವ ಅವಕಾಶವಿರುತ್ತದೆ. ಸಣ್ಣ ಅಪರಾಧಗಳಲ್ಲಿ ಹಾಜರಾಗದೆಯೇ ತಪ್ಪೊಪ್ಪಿ, ಸಮನ್ಸ್‌ನಲ್ಲಿ ಸೂಚಿಸಿದ ಮೊತ್ತವನ್ನು ಕಳುಹಿಸುವ ಅವಕಾಶವನ್ನೂ ಅಧಿನಿಯಮದ 208ನೇ ಕಲಮು ಕಲ್ಪಿಸಿದೆ.

ಎರಡು ಎಚ್ಚರಿಕೆಗಳು ಅಗತ್ಯ. ನ್ಯಾಯಾಲಯ ವಿಧಿಸುವ ದಂಡ ಚಲನ್ ಮೊತ್ತಕ್ಕಿಂತ ಹೆಚ್ಚಾಗಬಹುದು. ಸಮನ್ಸ್ ತಲುಪಿದ ಮೇಲೂ ಗೈರುಹಾಜರಾದರೆ ವಾರಂಟ್ ಹೊರಡಬಹುದು. 500 ರೂಪಾಯಿಯ ವಿಷಯ ವಾರಂಟಿನವರೆಗೆ ಬೆಳೆಯುವುದು ಹೀಗೆಯೇ.

ವಕೀಲರ ಶುಲ್ಕ ಭರಿಸಲಾಗದವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ನೆರವಿದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಡಿ ಉಚಿತ ನೆರವಿಗೆ ಅರ್ಹರು. ಸಹಾಯವಾಣಿ ಸಂಖ್ಯೆ 15100.

7. ಮಾರಿದ ವಾಹನದ ಹೊಣೆ

ಉದಾಹರಣೆಗೆ, ಒಬ್ಬರು ತಮ್ಮ ಹಳೆಯ ಬೈಕನ್ನು ಕಾಪುವಿನ ಪರಿಚಿತರೊಬ್ಬರಿಗೆ ಬಾಯಿಮಾತಿನಲ್ಲಿ ಮಾರಿ ಹಣ ಪಡೆದಿದ್ದಾರೆ ಎಂದಿಟ್ಟುಕೊಳ್ಳೋಣ. ನೋಂದಣಿ ವರ್ಗಾವಣೆ ಆಗಿಲ್ಲ. ಆ ಬೈಕಿನ ಚಲನ್‌ಗಳೆಲ್ಲವೂ ಹಳೆಯ ಮಾಲೀಕರ ಹೆಸರಿಗೇ ಬರುತ್ತವೆ. ಅದರಿಂದ ಅಪಘಾತವಾದರೆ ನಷ್ಟ ಇನ್ನೂ ದೊಡ್ಡದು. ದಾಖಲೆಯಲ್ಲಿ ಹೆಸರಿರುವವರೇ ಅಪಘಾತ ಪರಿಹಾರದ ದೃಷ್ಟಿಯಿಂದ ಮಾಲೀಕರು ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ತೀರ್ಪು ನೀಡಿದೆ. ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕೆಂದು ಅಧಿನಿಯಮದ 50ನೇ ಕಲಮು ಹೇಳುತ್ತದೆ.

8. ನಕಲಿ ಚಲನ್ ಸಂದೇಶಗಳು

ವಾಟ್ಸ್ಆ್ಯಪ್ ಮೂಲಕ ಚಲನ್ ಹೆಸರಿನಲ್ಲಿ ಬರುವ ಎಪಿಕೆ ಕಡತವನ್ನು ತೆರೆದು ಬ್ಯಾಂಕ್ ಖಾತೆಯ ಹಣ ಕಳೆದುಕೊಂಡವರಿದ್ದಾರೆ. ಚಲನ್ ನೋಡಲು ಇಂತಹ ಯಾವ ಕಡತವನ್ನೂ ಸ್ಥಾಪಿಸಬೇಕಾಗಿಲ್ಲ. ಸಂದೇಶದಲ್ಲಿನ ಕೊಂಡಿಯನ್ನು ಒತ್ತದೆ, ಸರ್ಕಾರಿ ಜಾಲತಾಣವನ್ನು ತಾವೇ ತೆರೆದು ವಾಹನ ಸಂಖ್ಯೆಯಿಂದ ಹುಡುಕಬೇಕು. ವಂಚನೆಯಾಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

9. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

ಅ) ಗ್ರಾಮ ಸಭೆಯಲ್ಲಿ ಈ ವಿಷಯಕ್ಕೆ ಸಮಯ ಮೀಸಲಿಟ್ಟು, ಸಂಚಾರ ಠಾಣೆ ಹಾಗೂ ಕಾನೂನು ಸೇವೆಗಳ ಪ್ರಾಧಿಕಾರದ ಪ್ರತಿನಿಧಿಗಳನ್ನು ಆಹ್ವಾನಿಸುವುದು.

ಆ) ಪಂಚಾಯತ್ ವ್ಯಾಪ್ತಿಯ ಅರಿವು ಕೇಂದ್ರದ ಕಂಪ್ಯೂಟರಿನಲ್ಲಿ ಬಾಕಿ ಹುಡುಕುವ ಕ್ರಮವನ್ನು ರಿಕ್ಷಾ ಚಾಲಕರಿಗೆ ಮತ್ತು ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ತೋರಿಸಿಕೊಡುವುದು.

ಇ) ಲೋಕ ಅದಾಲತ್ತಿನ ದಿನಾಂಕವನ್ನು ಸೂಚನಾ ಫಲಕದಲ್ಲಿ ಮುಂಚಿತವಾಗಿ ಪ್ರಕಟಿಸುವುದು.

ಈ) ಫಲಕವಿಲ್ಲದ ತಿರುವು, ಅಳಿಸಿದ ಪಟ್ಟಿ, ಬೆಳಕಿಲ್ಲದ ಕೂಡುರಸ್ತೆಗಳನ್ನು ಗುರುತಿಸಿ ಸಂಬಂಧಪಟ್ಟ ಇಲಾಖೆಗೆ ನಿರ್ಣಯದ ಮೂಲಕ ತಿಳಿಸುವುದು. ನಿಯಮವನ್ನು ಪಾಲಿಸಿ ಎಂದು ಜನರಿಗೆ ಹೇಳುವ ಪಂಚಾಯತ್, ಪಾಲಿಸಲು ಅನುವಾಗುವ ರಸ್ತೆಯನ್ನೂ ಕೇಳಬೇಕು.

ದಂಡ ಮನ್ನಾ ಮಾಡಿಸುವ ಅಧಿಕಾರ ಸದಸ್ಯರಿಗಿಲ್ಲ. ದೂರವಾಣಿಯ ಶಿಫಾರಸಿನಿಂದ ಒಬ್ಬರಿಗೆ ಒಂದು ದಿನದ ಅನುಕೂಲವಾಗಬಹುದು. ಸರಿಯಾದ ಮಾಹಿತಿಯಿಂದ ಇಡೀ ವಾರ್ಡಿಗೆ ನಿರಂತರ ಉಪಯೋಗವಾಗುತ್ತದೆ. 500 ರೂಪಾಯಿಯ ಚಲನ್ ಉಳಿಸುವುದಕ್ಕಿಂತ ಹೆಲ್ಮೆಟ್ ಧರಿಸಿದ ತಲೆಯನ್ನು ಉಳಿಸುವುದು ದೊಡ್ಡದೆಂಬುದನ್ನೂ ಅದೇ ಸಭೆಯಲ್ಲಿ ಹೇಳಬೇಕು.

ಚರ್ಚೆಗೆ ಪ್ರಶ್ನೆಗಳು

1. ಚಲನ್ ಪಾವತಿಸಿದ ಬಳಿಕ ಅದನ್ನು ಪ್ರಶ್ನಿಸಲು ಏಕೆ ಸಾಧ್ಯವಿಲ್ಲ?
2. ಕಲ್ಯಾಣಪುರದ ರಿಕ್ಷಾ ಚಾಲಕರೊಬ್ಬರಿಗೆ ಕಾರ್ಕಳದಲ್ಲಿ ಚಲನ್ ಆಗಿದೆ. ಚಿತ್ರದಲ್ಲಿರುವುದು ಅವರ ವಾಹನವಲ್ಲ. ಅವರು ಕ್ರಮವಾಗಿ ಏನೇನು ಮಾಡಬೇಕು?
3. ಮಾರಿದ ವಾಹನದ ನೋಂದಣಿ ವರ್ಗಾವಣೆ ಆಗದೆ ಉಳಿದ ಪ್ರಕರಣಗಳು ತಮ್ಮ ವಾರ್ಡಿನಲ್ಲಿ ಇವೆಯೇ? ಅವುಗಳನ್ನು ಸರಿಪಡಿಸಲು ಪಂಚಾಯತ್ ಹೇಗೆ ನೆರವಾಗಬಹುದು?