ಬಣ್ಣ ಕಳಚುವ ಮೀನುಗಳು

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸವು ದೆಹಲಿಯ ಮನೆಗಳಲ್ಲಿ ಹೊಸದೇನಲ್ಲ. ಮೂರು ವರ್ಷಗಳ ಹಿಂದೆ ನಾನೂ ಎರಡು ಬೂದುಬಣ್ಣದ ಮರಿಗಳನ್ನು ತಂದೆ. ಅಂಗಡಿಯವರು ಅವನ್ನು 'ರೆಡ್ ಡೆವಿಲ್' ಎಂದು ಕರೆಯುತ್ತಾರೆ. ಆ ಹೆಸರಿನಲ್ಲಿ ಮಾರಾಟವಾಗುವವುಗಳಲ್ಲಿ ಹಲವು ವಾಸ್ತವವಾಗಿ ಮೈಡಾಸ್ ಎಂಬ ಸಿಕ್ಲಿಡ್ ಜಾತಿಯವು ಅಥವಾ ಅದರ ಮಿಶ್ರತಳಿಗಳು. ಆರು ತಿಂಗಳು ಕಳೆಯುವಷ್ಟರಲ್ಲಿ ಅವುಗಳ ಮೈಮೇಲಿನ ಕಪ್ಪು ಪಟ್ಟೆಗಳು ಅಲ್ಲಲ್ಲಿ ತೇಪೆಯಂತೆ ಕಳಚಿ, ಒಳಗಿನಿಂದ ಕಿತ್ತಳೆ ಬಣ್ಣವು ಇಣುಕತೊಡಗಿತು. ಅದನ್ನು ಕಂಡ ನೆರೆಮನೆಯ ಮಹಿಳೆಯೊಬ್ಬರು, "ಇದು ತೊನ್ನಲ್ಲವೇ? ಮಕ್ಕಳಿಗೆ ಹತ್ತೀತೇ?" ಎಂದು ಕೇಳಿದರು. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಮೀನಿನ ಚರ್ಮದಲ್ಲಿ ಹಲವು ಬಗೆಯ ವರ್ಣಕೋಶಗಳಿವೆ: ಕಪ್ಪನ್ನು ಹೊತ್ತವು, ಹಳದಿ ಮತ್ತು ಕೆಂಪನ್ನು ಹೊತ್ತವು, ಬೆಳಕನ್ನು ಪ್ರತಿಫಲಿಸಿ ಮಿನುಗುವವು. ಮೀನು ಬೆದರಿದಾಗ ಕಪ್ಪುಕೋಶದ ವರ್ಣಕಣಗಳು ಕೋಶದ ನಡುವಿಗೆ ಸರಿದು, ಅದು ಕ್ಷಣಾರ್ಧದಲ್ಲಿ ಪೇಲವವಾಗುತ್ತದೆ. ಭಯ ಕಳೆದರೆ ಬಣ್ಣ ಮರಳುತ್ತದೆ. ಮೈಡಾಸ್ ಮೀನಿನಲ್ಲಿ ನಡೆಯುವುದು ಬೇರೆಯೇ. ಅಲ್ಲಿ ಕಪ್ಪುಕೋಶಗಳೇ ಸಾಯುತ್ತವೆ. ಬ್ಯಾಂಕಿನವನಾದ ನನಗೆ ತೋಚುವ ಹೋಲಿಕೆಯೆಂದರೆ, ಮೊದಲನೆಯದು ಹಣವನ್ನು ಲಾಕರಿನಲ್ಲಿಟ್ಟಂತೆ, ಎರಡನೆಯದು ಖಾತೆಯನ್ನೇ ಮುಚ್ಚಿದಂತೆ.

ಈ ಮೀನಿನ ತವರು ಮಧ್ಯ ಅಮೆರಿಕದ ನಿಕರಾಗುವಾ ದೇಶದ ಸರೋವರಗಳು. ಅಲ್ಲಿ ಹೆಚ್ಚಿನವು ಜೀವನಪರ್ಯಂತ ಬೂದುಬಣ್ಣದಲ್ಲೇ ಉಳಿಯುತ್ತವೆ. ಹೊನ್ನಿನ ಬಣ್ಣಕ್ಕೆ ತಿರುಗುವವು ಅಲ್ಪಸಂಖ್ಯಾತ. ಈ ಗುಣವು ಪ್ರಬಲ ಗುಣ, ಅಂದರೆ ತಂದೆ ಅಥವಾ ತಾಯಿ ಒಬ್ಬರಿಂದ ಬಂದರೂ ಸಾಕು. 2022ರಲ್ಲಿ ಜರ್ಮನಿಯ ಕೊನ್‌ಸ್ಟಾನ್ಜ್ ವಿಶ್ವವಿದ್ಯಾಲಯದ ಸಂಶೋಧಕರೂ ಅವರ ಸಹೋದ್ಯೋಗಿಗಳೂ ಇದಕ್ಕೆ ಸಂಬಂಧಿಸಿದ ಜೀನನ್ನು ಗುರುತಿಸಿ, ಅದರೊಳಗೆ ಸ್ಥಾನಪಲ್ಲಟಗೊಳ್ಳುವ ಡಿಎನ್‌ಎ ತುಣುಕೊಂದು ಸೇರಿಕೊಂಡಿರುವುದನ್ನು ತೋರಿಸಿದರು. ಮುಟ್ಟಿದುದೆಲ್ಲ ಚಿನ್ನವಾಗುತ್ತಿದ್ದ ಗ್ರೀಕ್ ಕಥೆಯ ಮೈಡಾಸ್ ರಾಜನನ್ನು ನೆನೆದು ಅದಕ್ಕೆ 'ಗೋಲ್ಡನ್‌ಟಚ್' ಎಂದು ಹೆಸರಿಟ್ಟರು.

ತಳಿ ಬೆಳೆಸುವವರು ಎಡವುವುದು ಇಲ್ಲಿಯೇ. ಹೊನ್ನಿನ ಬಣ್ಣದ ಜೋಡಿಯಾದರೆ ಮರಿಗಳೆಲ್ಲ ಹೊನ್ನಾಗುತ್ತವೆಂದು ಭಾವಿಸುತ್ತಾರೆ. ತಾಯ್ತಂದೆಯರಿಬ್ಬರಲ್ಲಿಯೂ ಆ ಗುಣದ ಒಂದೊಂದೇ ಪ್ರತಿಯಿದ್ದಲ್ಲಿ, ನಾಲ್ಕರಲ್ಲಿ ಸುಮಾರು ಒಂದು ಮರಿ ಎಂದಿಗೂ ಬಣ್ಣ ಕಳಚದು. ಮೀನು ಶುದ್ಧ ತಳಿಯೇ ಎಂದು ತಿಳಿಯಬೇಕಾದರೆ ಅದನ್ನು ಬೂದುಬಣ್ಣದ ಮೀನಿನೊಡನೆ ಕೂಡಿಸಿ ನೋಡಬೇಕು. ಮರಿಗಳಲ್ಲಿ ಅರ್ಧದಷ್ಟು ಬೂದಾಗಿ ಉಳಿದರೆ ಶುದ್ಧವಲ್ಲ. ಇದಕ್ಕೆ ತಾಳ್ಮೆ ಬೇಕು. ಕೆಲವು ಕೆಲವೇ ತಿಂಗಳಿಗೆ ಬಣ್ಣ ಕಳಚಿದರೆ, ಕೆಲವು ವರ್ಷ ದಾಟಿದ ಮೇಲೂ ಕಾಯಿಸುತ್ತವೆ. ಬೇಗ ಲೆಕ್ಕ ಮುಗಿಸುವ ಆತುರದಲ್ಲಿ ಬೂದು ಮರಿಗಳನ್ನು ಬಿಸುಡುವವರು ಮುಂದೆ ಚಿನ್ನವಾಗಲಿರುವುದನ್ನೇ ಬಿಸುಟಿರುತ್ತಾರೆ.

ದೆಹಲಿಯಲ್ಲಿ ಚಳಿಗಾಲವೇ ಮೊದಲ ಶತ್ರು. ನೀರು 26ರಿಂದ 28 ಡಿಗ್ರಿ ಇರಬೇಕಾದುದರಿಂದ ಹೀಟರ್ ಇಲ್ಲದೆ ಸಾಗದು. ನಲ್ಲಿ ನೀರಿನ ಕ್ಲೋರಿನ್ನನ್ನು ಹೋಗಲಾಡಿಸದೆ ತೊಟ್ಟಿಗೆ ಸುರಿಯಬಾರದು. ಗಂಡು ಜಗಳಗಂಟ; ಹೆಣ್ಣನ್ನು ಕೊಂದೇ ಬಿಡಬಹುದಾದುದರಿಂದ ನಡುವೆ ರಂಧ್ರಗಳುಳ್ಳ ತಡಿಕೆಯಿಟ್ಟು ಪರಿಚಯವಾಗಲು ಬಿಡುವುದು ಲೇಸು. ಚಪ್ಪಟೆ ಕಲ್ಲಿನ ಮೇಲೆ ಮೊಟ್ಟೆಯಿಟ್ಟ ಬಳಿಕ ಇಬ್ಬರೂ ಕಾವಲು ಕಾಯುತ್ತಾರೆ. ಮರಿಗಳು ತಾಯ್ತಂದೆಯರ ಮೈಲೋಳೆಯನ್ನು ಮೇಯುವ ದೃಶ್ಯವನ್ನು ನೋಡಿಯೇ ಆನಂದಿಸಬೇಕು. ಹೆಚ್ಚಾದ ಮೀನುಗಳನ್ನು ಮಾತ್ರ ಯಮುನೆಗೆ ಬಿಡಬಾರದು. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ ಎಂಬ ಇನ್ನೊಂದು ಸಿಕ್ಲಿಡ್ ನಮ್ಮ ಜಲಾಶಯಗಳಲ್ಲಿ ಹಬ್ಬಿದ ಬಗೆ ಕಣ್ಣ ಮುಂದಿದೆ. ಸ್ವದೇಶಿ ಸಿಕ್ಲಿಡ್‌ಗಳು ನಮಗಿರುವುದು ಮೂರೇ. ಅವುಗಳಲ್ಲೊಂದು ನಮ್ಮ ದಕ್ಷಿಣ ಕನ್ನಡದ ನದಿಗಳದು. 1877ರಲ್ಲಿ ಫ್ರಾನ್ಸಿಸ್ ಡೇ ಅದಕ್ಕೆ ಕೆನರಾದ ಹೆಸರನ್ನೇ ಇಟ್ಟ.

ಬಣ್ಣ ಕಳಚುವ ಮೀನು ಆರೋಗ್ಯವಾಗಿಯೇ ಇರುತ್ತದೆ. ಚೆನ್ನಾಗಿ ತಿನ್ನುತ್ತದೆ, ಈಜುತ್ತದೆ. ರೆಕ್ಕೆ ಮುದುಡಿ, ಮೇವು ಬಿಟ್ಟು, ಬೇಗಬೇಗ ಉಸಿರಾಡುತ್ತ ಮಂಕಾದರೆ ಅದು ನೀರು ಕೆಟ್ಟಿರುವುದರ ಅಥವಾ ರೋಗದ ಲಕ್ಷಣ.

ಈಗ ನೆರೆಯವರ ಪ್ರಶ್ನೆಗೆ ಬರೋಣ. ತೊನ್ನಿನಲ್ಲಿಯೂ ವರ್ಣಕೋಶಗಳು ನಾಶವಾಗುತ್ತವೆ. ಆದರೆ ಅಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಕೋಶಗಳ ಮೇಲೆ ದಾಳಿ ಮಾಡುತ್ತದೆ. ಅದು ಮೀನಿನಿಂದಾಗಲಿ, ಮನುಷ್ಯನಿಂದಾಗಲಿ ಹತ್ತುವುದಿಲ್ಲ. ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆಂದು ಕೇಳುತ್ತ ಬೆಳೆದವರು ನಮ್ಮಲ್ಲಿ ಬಹಳ ಮಂದಿ, ಅದಕ್ಕೆ ಆಧಾರವಿಲ್ಲ. ಅದು ಕುಷ್ಠವೂ ಅಲ್ಲ: ಕುಷ್ಠದ ಮಚ್ಚೆಯಲ್ಲಿ ಸಾಮಾನ್ಯವಾಗಿ ಸ್ಪರ್ಶಜ್ಞಾನ ಕುಂದುತ್ತದೆ, ತೊನ್ನಿನಲ್ಲಿ ಹಾಗಲ್ಲ. ಲೇಪನಗಳು, ನೇರಳಾತೀತ ಕಿರಣದ ಚಿಕಿತ್ಸೆ, ಹರಡುವುದು ನಿಂತ ಮೇಲೆ ಚರ್ಮದ ಕಸಿ, ಇವೆಲ್ಲ ಇಂದು ಲಭ್ಯ. ಬೇಗ ತೋರಿಸಿಕೊಂಡಷ್ಟೂ ಫಲ ಹೆಚ್ಚು. ಕೆಲವರಲ್ಲಿ ಥೈರಾಯ್ಡ್ ದೋಷವೂ ಜೊತೆಗಿರುವುದರಿಂದ ವೈದ್ಯರು ಆ ಪರೀಕ್ಷೆಯನ್ನೂ ಹೇಳುತ್ತಾರೆ.

ಇಷ್ಟನ್ನು ಬರೆಯಲು ನನಗೊಂದು ಸ್ವಂತ ಕಾರಣವೂ ಇದೆ. ನನ್ನ ತಂಗಿಯ ಮೊಣಕೈಯ ಮೇಲೆ ರೂಪಾಯಿಯಗಲದ ಬಿಳಿ ಮಚ್ಚೆಯಿತ್ತು. ಅದರಿಂದಾಗಿ ನಿಶ್ಚಯವಾಗಿದ್ದ ಎರಡು ಸಂಬಂಧಗಳು ಮುರಿದವು. ನಾವು ಅವಳಿಗೆ ಸೆಕೆಯಲ್ಲೂ ಉದ್ದತೋಳಿನ ರವಿಕೆ ತೊಡಿಸಿ ಮಚ್ಚೆಯನ್ನು ಅಡಗಿಸಿದೆವೇ ಹೊರತು ಐದು ವರ್ಷ ವೈದ್ಯರ ಬಳಿಗೆ ಕರೆದೊಯ್ಯಲಿಲ್ಲ.

ನೆರೆಯವರು ಅಂದು ಕೇಳಿದ್ದು ಮೀನಿನ ವಿಷಯವನ್ನಲ್ಲವೆಂದು ನನಗೆ ಆಮೇಲೆ ತಿಳಿಯಿತು. ಅವರ ಹತ್ತು ವರ್ಷದ ಮಗಳ ತುಟಿಯಂಚಿನಲ್ಲಿ ಚುಕ್ಕೆಯೊಂದು ಕಾಣಿಸಿಕೊಂಡಿತ್ತು. ಆ ವಾರವೇ ಚರ್ಮವೈದ್ಯರಿಗೆ ತೋರಿಸಿದರು, ಚಿಕಿತ್ಸೆ ನಡೆಯುತ್ತಿದೆ. ಭಾನುವಾರಗಳಂದು ಹುಡುಗಿ ನಮ್ಮ ಮನೆಗೆ ಬಂದು ಮರಿಗಳನ್ನು ಎಣಿಸುತ್ತಾಳೆ. ನಾನು ಉಳಿಸಿಕೊಂಡ ನಲವತ್ತು ಮರಿಗಳಲ್ಲಿ ಇಪ್ಪತ್ತೇಳು ಇದುವರೆಗೆ ಬಣ್ಣ ಕಳಚಿವೆ; ಇನ್ನೆರಡಕ್ಕೆ ಬಾಲದ ಬಳಿ ಕಿತ್ತಳೆ ಬಣ್ಣ ಕಾಣಿಸಿದೆಯೆಂದು ಅವಳ ವಾದ.