ಕ್ರೋಂಪೇಟೆಯ ತಾರಸಿಯಲ್ಲಿ ಮಜ್ಜಿಗೆ ಹುಲ್ಲು

ಚಹಾಕ್ಕೂ ಕಷಾಯಕ್ಕೂ ನಿಂಬೆಯ ಪರಿಮಳ ಕೊಡುವ ಮಜ್ಜಿಗೆ ಹುಲ್ಲು ವರ್ಷವಿಡೀ ಹಸಿರಾಗಿರುವ ಬಹುವಾರ್ಷಿಕ ಸಸ್ಯ. ನಿಂಬೆ ಹುಲ್ಲು ಎಂಬ ಹೆಸರೂ ಇದಕ್ಕಿದೆ. ಬೆಳಗಾವಿ ಕಡೆ ಗವತಿ ಚಹಾ ಎನ್ನುತ್ತಾರೆ. ಚೆನ್ನೈನ ನರ್ಸರಿಗಳಲ್ಲಿ ಎಲುಮಿಚ್ಚೈ ಪುಲ್ ಎಂದು ಕೇಳಿದರೆ ಸಿಗುತ್ತದೆ. ಹಿಮ ಬೀಳುವ ನಾಡುಗಳಲ್ಲಿ ಚಳಿಗಾಲಕ್ಕೆ ಇದರ ಕುಂಡವನ್ನು ಮನೆಯೊಳಗೆ ತಂದಿಡಬೇಕಾಗುತ್ತದೆ. ಚೆನ್ನೈನ ದಕ್ಷಿಣದ ಕ್ರೋಂಪೇಟೆಯಲ್ಲಿ ಆ ಚಿಂತೆಯಿಲ್ಲ, ಬಿಸಿಲಿಗೂ ಈ ಹುಲ್ಲು ಅಂಜುವುದಿಲ್ಲ. ಇಲ್ಲಿ ಮೊದಲು ಯೋಚಿಸಬೇಕಾದದ್ದು ನೀರಿನ ಬಗ್ಗೆ.

ಈ ಊರಿಗೆ ಹೆಸರು ಬಂದದ್ದು 20ನೇ ಶತಮಾನದ ಆರಂಭದಲ್ಲಿ ಇಲ್ಲಿ ನೆಲೆಯೂರಿದ ಕ್ರೋಮ್ ಲೆದರ್ ಕಂಪನಿಯಿಂದ. ಕ್ರೋಮಿಯಂ ಲವಣ ಬಳಸಿ ಚರ್ಮ ಹದ ಮಾಡುವ ಕಸುಬು ಪಲ್ಲಾವರಂ–ಕ್ರೋಂಪೇಟೆ ಪಟ್ಟಿಯಲ್ಲಿ ದಶಕಗಳ ಕಾಲ ನಡೆದಿದೆ. ಟ್ಯಾನರಿಗಳ ಸುತ್ತಲಿನ ಅಂತರ್ಜಲದಲ್ಲಿ ಉಪ್ಪಿನಂಶ ಹೆಚ್ಚಿರುವುದೂ ಕ್ರೋಮಿಯಂ ಸೇರಿರುವುದೂ ದಾಖಲಾಗಿದೆ. ಎಲ್ಲ ಕೊಳವೆಬಾವಿಗಳ ನೀರೂ ಹಾಗೆಯೇ ಇರುತ್ತದೆಂದಲ್ಲ. ಆದರೆ ಎಲೆಯನ್ನೇ ಕುದಿಸಿ ಕುಡಿಯುವ ಗಿಡಕ್ಕೆ ಪರೀಕ್ಷೆಯಾಗದ ಬೋರ್‌ವೆಲ್ ನೀರು ಹಾಕದಿರುವುದೇ ಸರಿ. ಟಿಡಿಎಸ್ ಮೀಟರ್ ನೀರಿನಲ್ಲಿ ಕರಗಿದ ಒಟ್ಟು ಲವಣ ಎಷ್ಟೆಂದು ಮಾತ್ರ ಹೇಳುತ್ತದೆ. ಕ್ರೋಮಿಯಂ ಇದೆಯೇ ಎಂದು ತಿಳಿಯಲು ಪ್ರಯೋಗಾಲಯದ ಪರೀಕ್ಷೆಯೇ ಬೇಕು.

ಕುಂಡಕ್ಕೆ ನಗರಪಾಲಿಕೆಯ ನಲ್ಲಿ ನೀರು ಅಥವಾ ಮಳೆ ನೀರು ಒಳ್ಳೆಯದು. ತಮಿಳುನಾಡಿನಲ್ಲಿ 2003ರಲ್ಲೇ ಮಳೆ ನೀರಿನ ಕೊಯ್ಲು ಕಡ್ಡಾಯವಾಯಿತು. ತಾರಸಿಯಿಂದ ಇಳಿಯುವ ಕೊಳವೆಗೆ ಒಂದು ಡ್ರಮ್ ಜೋಡಿಸಿ ಬಿಗಿಯಾಗಿ ಮುಚ್ಚಿಟ್ಟರೆ ನಾಲ್ಕೈದು ಕುಂಡಗಳಿಗೆ ಕೆಲವು ವಾರಗಳ ನೀರು ಸಿಗುತ್ತದೆ. ಅಡುಗೆಮನೆಯ ಆರ್‌ಒ ಯಂತ್ರ ಹೊರಹಾಕುವ ನೀರನ್ನು ವ್ಯರ್ಥ ಮಾಡಬಾರದೆಂದು ಗಿಡಗಳಿಗೆ ಸುರಿಯುವ ರೂಢಿ ಅನೇಕ ಮನೆಗಳಲ್ಲಿದೆ. ಯಂತ್ರ ಬೇರ್ಪಡಿಸಿದ ಉಪ್ಪೆಲ್ಲ ಇರುವುದು ಆ ನೀರಿನಲ್ಲೇ. ಅದನ್ನು ನೆಲ ಒರೆಸಲು ಬಳಸಬಹುದು, ಈ ಗಿಡಕ್ಕೆ ಬೇಡ.

ಸಸಿ ಆರಿಸುವಾಗ ಬುಡ ನೋಡಬೇಕು. ಚಹಾಕ್ಕೆ ಹೊಂದುವ ಸಿಂಬೊಪೋಗನ್ ಸಿಟ್ರಾಟಸ್ ಜಾತಿಯ ಬುಡ ದಪ್ಪಗೆ, ಬಿಳಿ ಹಸಿರು ಬಣ್ಣದಲ್ಲಿರುತ್ತದೆ. ಕೇರಳದಲ್ಲಿ ಎಣ್ಣೆಗಾಗಿ ಬೆಳೆಯುತ್ತ ಬಂದಿರುವುದು ಇದರ ಹತ್ತಿರದ ಬಂಧು ಸಿಂಬೊಪೋಗನ್ ಫ್ಲೆಕ್ಸುವೋಸಸ್. ಒಡಕ್ಕಾಲಿಯ ಸಂಶೋಧನಾ ಕೇಂದ್ರದ ‘ಸುಗಂಧಿ’ ಆ ಜಾತಿಯ ತಳಿ. ಎರಡರ ಪರಿಮಳಕ್ಕೂ ಮುಖ್ಯ ಕಾರಣ ಸಿಟ್ರಾಲ್. ಸೊಳ್ಳೆ ಓಡಿಸಲು ಮಾರುವ ಸಿಟ್ರೊನೆಲ್ಲಾ ಹುಲ್ಲು ನೋಡಲು ಹೀಗೇ ಇದ್ದರೂ ಅದರ ಬುಡ ಕೆಂಪು ಛಾಯೆಯದು, ವಾಸನೆ ಖಾರವಾಗಿ ಸಾಬೂನನ್ನು ನೆನಪಿಸುತ್ತದೆ. ಅದು ಚಹಾಕ್ಕಲ್ಲ. ಎಲೆ ಹಿಸುಕಿ ಮೂಸಿ ನೋಡದೆ ಸಸಿ ಕೊಳ್ಳಬಾರದು.

ಈ ಹುಲ್ಲನ್ನು ಬೀಜಕ್ಕಿಂತ ತೆಂಡೆಯಿಂದ ಬೆಳೆಸುವುದು ಸುಲಭ. ಬೆಳೆದ ಬುಡವೊಂದನ್ನು ಬಿಡಿಸಿ, ಸ್ವಲ್ಪ ಬೇರಿರುವ ಎರಡು ಮೂರು ತೆಂಡೆಗಳನ್ನು ತೆಗೆದುಕೊಂಡು ಎಲೆಗಳನ್ನು 15–20 ಸೆಂಟಿಮೀಟರ್ ಉಳಿಸಿ ಕತ್ತರಿಸಬೇಕು. ಅಂಗಡಿಯಲ್ಲಿ ಸಿಗುವ ದಂಟಿನ ಬುಡ ಕತ್ತರಿಸಿ ಹೋಗಿರದಿದ್ದರೆ ಅದನ್ನೂ ಎರಡು ಅಂಗುಲ ನೀರಿನಲ್ಲಿ ನಿಲ್ಲಿಸಿ, ದಿನ ಬಿಟ್ಟು ದಿನ ನೀರು ಬದಲಿಸುತ್ತಿದ್ದರೆ ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ಬೇರು ಬರುತ್ತದೆ.

ಕುಂಡ ಅಥವಾ ಗ್ರೋ ಬ್ಯಾಗ್ ಕನಿಷ್ಠ 12 ಅಂಗುಲ ಅಗಲ, ಅಷ್ಟೇ ಆಳವಿರಲಿ. ತಳದಲ್ಲಿ ತೂತುಗಳು ಬೇಕೇ ಬೇಕು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಕೋಕೋಪೀಟ್ ಬೆರೆಸಿದರೆ ಸಾಕು. ಕೋಕೋಪೀಟಿನಲ್ಲೂ ಉಪ್ಪಿರುವುದರಿಂದ ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ತೊಳೆದು ಹಿಂಡಿದ ಮೇಲೆ ಬೆರೆಸಬೇಕು. ತೆಂಡೆಯನ್ನು ಬೇರು ಮುಚ್ಚುವಷ್ಟು ಮಾತ್ರ ಹೂಳಬೇಕು, ಆಳಕ್ಕೆ ಹೋದರೆ ಬುಡ ಕೊಳೆಯುತ್ತದೆ.

ನೆಡಲು ಜೂನ್–ಜುಲೈ ಅಥವಾ ಜನವರಿ ಅನುಕೂಲ. ಚೆನ್ನೈಗೆ ವರ್ಷದ ಮಳೆಯ ಹೆಚ್ಚಿನ ಪಾಲು ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ. ಆಗ ನೆಟ್ಟ ಎಳೆಯ ತೆಂಡೆ ನೀರು ನಿಂತು ಹಾಳಾಗುವುದೇ ಹೆಚ್ಚು. ಅದೇ ಮಳೆ ಬೇರೂರಿದ ಗಿಡಕ್ಕೆ ಉಪಕಾರಿ, ಕುಂಡದಲ್ಲಿ ಸೇರಿಕೊಂಡ ಉಪ್ಪನ್ನು ತೊಳೆದು ಹೊರಗೆ ಸಾಗಿಸುತ್ತದೆ. ಮೇ ತಿಂಗಳ ಅಗ್ನಿನಕ್ಷತ್ರದ ದಿನಗಳಲ್ಲಿ ಹೊಸ ಗಿಡಕ್ಕೆ ಮಧ್ಯಾಹ್ನದ ನೆರಳು ಬೇಕು. ತಾರಸಿಯ ಸಿಮೆಂಟು ಕಾಯುವುದರಿಂದ ಕುಂಡವನ್ನು ಇಟ್ಟಿಗೆಯ ಮೇಲಿಟ್ಟು, ಬುಡಕ್ಕೆ ಒಣ ಎಲೆ ಹೊದಿಸಿ, ಬೆಳಿಗ್ಗೆಯೂ ಸಂಜೆಯೂ ನೀರು ಕೊಡಬೇಕಾಗುತ್ತದೆ. ಉಳಿದ ಕಾಲದಲ್ಲಿ ಮೇಲ್ಮಣ್ಣು ಒಣಗಿದಾಗ ಹಾಕಿದರಾಯಿತು. ತಿಂಗಳಿಗೊಮ್ಮೆ ಒಂದು ಹಿಡಿ ಎರೆಗೊಬ್ಬರ ಸಾಕು.

ಎಲೆಯ ತುದಿಗಳು ಕಂದಾಗಿ ಒಣಗುತ್ತಾ, ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದರೆ ಉಪ್ಪು ಸೇರಿದೆ ಎಂದರ್ಥ. ಆಗ ಗೊಬ್ಬರ ನಿಲ್ಲಿಸಿ, ತಳದಿಂದ ಧಾರಾಳವಾಗಿ ಹರಿದುಹೋಗುವಷ್ಟು ಒಳ್ಳೆಯ ನೀರನ್ನು ಒಂದೇ ಸಲ ಹಾಯಿಸಬೇಕು.

ನೆಟ್ಟ ಸುಮಾರು ಮೂರು ತಿಂಗಳಿಗೆ ಮೊದಲ ಕೊಯ್ಲು. ಹೊರಸುತ್ತಿನ ಬಲಿತ ಎಲೆಗಳನ್ನು ಬುಡದಿಂದ 10–15 ಸೆಂಟಿಮೀಟರ್ ಮೇಲೆ ಕತ್ತರಿಯಿಂದ ತೆಗೆಯಬೇಕು. ಎಲೆಯಂಚು ಕೈ ಕೊಯ್ಯುತ್ತದೆ, ಮಕ್ಕಳಿಂದ ಕೀಳಿಸುವುದು ಬೇಡ. ಕತ್ತರಿಸುತ್ತಿದ್ದಷ್ಟೂ ಹೊಸ ತೆಂಡೆ ಒಡೆಯುತ್ತದೆ. ಕುಂಡ ಬೇರಿನಿಂದ ತುಂಬಿದಾಗ, ಎಂದರೆ ಒಂದೆರಡು ವರ್ಷಕ್ಕೊಮ್ಮೆ, ಬುಡ ಬಿಡಿಸಿ ಹೊಸ ಮಣ್ಣಿಗೆ ನೆಡಬೇಕು.

ಎರಡು ಲೋಟ ಚಹಾಕ್ಕೆ ಎರಡು ಮೂರು ಉದ್ದನೆಯ ಎಲೆ ಸಾಕು. ತೊಳೆದು ಗಂಟು ಹಾಕಿ, ಜಜ್ಜಿದ ಶುಂಠಿಯ ಜೊತೆ ಐದು ನಿಮಿಷ ಕುದಿಸಿ, ಆಮೇಲೆ ಚಹಾಪುಡಿ, ಕೊನೆಗೆ ಹಾಲು. ಪರಿಮಳ ನಿಂಬೆಯದ್ದಾದರೂ ನಿಂಬೆಯ ಹುಳಿ ಇದರಲ್ಲಿಲ್ಲ, ಹಾಗಾಗಿ ಹಾಲು ಒಡೆಯುವುದಿಲ್ಲ. ಹಾಲು ಬೇಡದವರು ಕೊತ್ತಂಬರಿ, ಜೀರಿಗೆ ಪುಡಿ ಮತ್ತು ಬೆಲ್ಲ ಹಾಕಿ ಕಷಾಯ ಮಾಡಬಹುದು. ಗರ್ಭಿಣಿಯರು ವೈದ್ಯರನ್ನು ಕೇಳಿ ಕುಡಿಯುವುದು ಒಳ್ಳೆಯದು. ಹೆಚ್ಚಾದ ಎಲೆಯನ್ನು ನೆರಳಿನಲ್ಲಿ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿಡಬಹುದು. ಪರಿಮಳ ಕುಗ್ಗುವುದರಿಂದ ಒಣ ಎಲೆಯನ್ನು ಸ್ವಲ್ಪ ಹೆಚ್ಚೇ ಹಾಕಬೇಕಾಗುತ್ತದೆ.