ಸ್ವತಂತ್ರ ಬ್ಯಾಪ್ಟಿಸ್ಟ್ ಸಭೆ: ನಂಬಿಕೆ, ಆಚರಣೆ, ಕನ್ನಡದ ನಂಟು

ಬ್ಯಾಪ್ಟಿಸ್ಟರ ಮೊದಲ ಸಭೆ 1609ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಜಾನ್ ಸ್ಮಿತ್ ನೇತೃತ್ವದಲ್ಲಿ ಹುಟ್ಟಿತು. ಇವರಿಗೆ ಬೈಬಲ್ಲೇ ಅಂತಿಮ ಪ್ರಮಾಣ. ಶಿಶುಗಳಿಗೆ ದೀಕ್ಷಾಸ್ನಾನವಿಲ್ಲ, ನಂಬಿಕೆಯನ್ನು ತಾವಾಗಿ ಒಪ್ಪಿಕೊಂಡವರನ್ನಷ್ಟೇ ಹೊಳೆಯಲ್ಲೋ ಸಭಾಮಂದಿರದ ತೊಟ್ಟಿಯಲ್ಲೋ ಪೂರ್ತಿ ಮುಳುಗಿಸಿ ಎಬ್ಬಿಸುತ್ತಾರೆ. ಕರ್ತನ ಭೋಜನವೂ ಸೇರಿ ವಿಧಿಗಳು ಎರಡೇ.

ಪಾಸ್ಟರ್ ನೇಮಕ, ಹಣಕಾಸು, ಶಿಸ್ತು ಎಲ್ಲವೂ ಆಯಾ ಸಭೆಯ ಸದಸ್ಯರ ಕೈಯಲ್ಲಿ; ಮೇಲೆ ಬಿಷಪ್ ಇಲ್ಲ. 1947ರಲ್ಲಿ ರೂಪುಗೊಂಡ ಚರ್ಚ್ ಆಫ್ ಸೌತ್ ಇಂಡಿಯಾಕ್ಕೂ (ಸಿಎಸ್‌ಐ) ಬ್ಯಾಪ್ಟಿಸ್ಟ್ ಸಭೆಗೂ ಇರುವ ಮುಖ್ಯ ವ್ಯತ್ಯಾಸ ಇದೇ.

ಇನ್ನು ಕನ್ನಡದ ನಂಟು: ‘ಮಂಗಳೂರ ಸಮಾಚಾರ’ ಪತ್ರಿಕೆಯ (1843) ಹರ್ಮನ್ ಮೋಗ್ಲಿಂಗ್ ಬ್ಯಾಪ್ಟಿಸ್ಟರಲ್ಲ, ಬಾಸೆಲ್ ಮಿಷನ್‌ನವರು, ಗೊಂದಲ ಮಾಡಿಕೊಳ್ಳಬೇಡಿ. ಕನ್ನಡಿಗರು ಮರೆಯಲೇಬಾರದ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಕೇರಿ. 1793ರಲ್ಲಿ ಭಾರತಕ್ಕೆ ಬಂದ ಇವರು ನಮ್ಮ ನುಡಿಗೆ ಮಾಡಿದ ಉಪಕಾರ ದೊಡ್ಡದು: ಇವರ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಶ್ರೀರಾಂಪುರದ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು.